ಬೆಂಚು ಮುಟ್ಟುವ ತನಕ

ಜೂನ್ 2, ಭಾನುವಾರ

ನ್ಯಾಯಾಧೀಶರೂ ವಕೀಲರೂ ಇಲ್ಲದ ಈ ನ್ಯಾಯಾಲಯದಲ್ಲಿ, ಅಂದರೆ ಈ ದಿನಚರಿಯ ಪುಟದಲ್ಲಿ, ಸ್ವಸ್ಥಚಿತ್ತನಾದ ನಾನು (ಹೆಂಡತಿ ಇದಕ್ಕೆ ಆಕ್ಷೇಪಣೆ ಸಲ್ಲಿಸಬಹುದು) ಯಾರ ಒತ್ತಾಯವೂ ಇಲ್ಲದೆ ಒಪ್ಪಿಕೊಳ್ಳುವುದೇನೆಂದರೆ: ಈ ಬೆಳಗ್ಗೆ ಎಂಟು ಐವತ್ತಕ್ಕೆ, ನಮ್ಮ ಚರ್ಚಿನ ಬಾಗಿಲ ಪಕ್ಕ ನಿಲ್ಲಿಸಿರುವ, 'ಯಾರೇ ಆಗಿರಲಿ, ಒಳಗೆ ಬನ್ನಿ' ಎಂದು ಬರೆದಿರುವ ಮರದ ಹಲಗೆಯನ್ನು ಗೋಡೆಯ ಕಡೆ ಮುಖ ಮಾಡಿ ತಿರುಗಿಸಿಟ್ಟವನು ನಾನೇ. ಹಲಗೆ ಗೋಡೆಯನ್ನು ಒಳಗೆ ಕರೆಯಿತು. ಗೋಡೆ ಬರಲಿಲ್ಲ. ಗೋಡೆಗೂ ಭಯವಿರಬೇಕು.

ಆರಾಧನೆ ಮುಗಿದ ಮೇಲೆ ಪಾಸ್ಟರ್ ಹಲಗೆಯನ್ನು ನೋಡಿದರು, ನನ್ನನ್ನೂ ನೋಡಿದರು.

"ಗಾಳಿಗೆ ತಿರುಗಿರಬೇಕು," ಎಂದೆ.

"ಇರಬಹುದು. ಎತ್ತೋಕೆ ಎರಡು ಕೈ ಬೇಕು ಅದನ್ನ. ಗಾಳಿ ಗಟ್ಟಿಮುಟ್ಟಾಗಿತ್ತು ಅನ್ಸುತ್ತೆ," ಎಂದು ಹೇಳಿ ಒಳಗೆ ಹೋದರು.

ಈಗ ಕಾರಣ. ಮೂವತ್ತೈದು ವರ್ಷ ಆ ಬಾಗಿಲಲ್ಲಿ ನಿಂತು ಬಂದವರನ್ನು ಬರಮಾಡಿಕೊಂಡ ಹಿರಿಯರೊಬ್ಬರಿದ್ದಾರೆ. ಸಣ್ಣವರು ದೊಡ್ಡವರು ಎಲ್ಲರಿಗೂ ಅವರು ಬಾಗಿಲಜ್ಜ. ಅವರದೊಂದು ಕ್ರಮವಿತ್ತು. ಹೊಸಬರು ಯಾರೇ ಬರಲಿ, ಅವರ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದರೆ, ಅವರು ಬೆಂಚಿನ ಮೇಲೆ ಕೂರುವ ತನಕ ಬಿಡುತ್ತಿರಲಿಲ್ಲ. ಬಾಗಿಲಿಂದ ಬೆಂಚಿಗೆ ಹದಿನೈದು ಹೆಜ್ಜೆ. "ಆ ಹದಿನೈದು ಹೆಜ್ಜೆಯಲ್ಲೇ ಕಣಪ್ಪ ಮನುಷ್ಯ ವಾಪಸ್ ಹೋಗೋದು. ಬೆಂಚು ಮುಟ್ಟುವ ತನಕ ಕೈ ಬಿಡಬೇಡ," ಅನ್ನುತ್ತಿದ್ದರು. ಆಮೇಲೆ ಚೀಲದಿಂದ ಒಂದು ಪೆಪ್ಪರ್‌ಮಿಂಟು. ಆಮೇಲೆ ಹೊಸಬರ ಪುಸ್ತಕದಲ್ಲಿ ಎರಡು ಹೆಸರು: ಎಡಗಡೆ 'ಹೊಸಬರು', ಬಲಗಡೆ 'ಕೈ ಹಿಡಿದು ಕರೆತಂದವರು'. ತಿಂಗಳ ಮೊದಲ ಭಾನುವಾರ ಅದನ್ನು ಸಭೆಯ ಮುಂದೆ ಓದುತ್ತಾರೆ.

ಹನ್ನೊಂದು ದಿನದ ಹಿಂದೆ ಬಾಗಿಲಜ್ಜ ರಸ್ತೆಯಲ್ಲಿ ಬಿದ್ದು ಸೊಂಟ ಮುರಿದುಕೊಂಡು, ತಲೆಗೂ ಪೆಟ್ಟು ಮಾಡಿಕೊಂಡು ಆಸ್ಪತ್ರೆ ಸೇರಿದರು. ಬಾಗಿಲು ನನ್ನ ತಲೆಗೆ ಬಂತು. ನನ್ನ ಅರ್ಹತೆ ಏನೆಂದರೆ ಕನ್ನಡಕದ ಅಂಗಡಿ. "ಜನರ ಕಣ್ಣು ನೋಡಿ ಅಭ್ಯಾಸ ಇರೋರು," ಎಂದು ಸಭೆಯ ಕಾರ್ಯದರ್ಶಿಗಳು ಸೂಚಿಸಿದರು. ಅವರು ನನ್ನ ಮಗಳ ಮಾವ. ಬೀಗರು ಹೇಳಿದ ಮೇಲೆ ಇಲ್ಲವೆನ್ನಲು ಹೆಣ್ಣು ಕೊಟ್ಟವನಿಗೆ ಬಾಯಿ ಎಲ್ಲಿದೆ?

ಇಂಥ ಕೆಲಸಕ್ಕೆ ಇದಕ್ಕಿಂತ ಕೆಟ್ಟ ಕಾಲವಿರಲಿಲ್ಲ. ಹೋದ ತಿಂಗಳು ದೂರದ ಇನ್ನೊಂದು ಊರಿನ ಪ್ರಾರ್ಥನಾ ಮಂದಿರಕ್ಕೆ ಒಬ್ಬ ಚೀಲ ಹಿಡಿದು ಬಂದನಂತೆ. ಬಾಗಿಲಲ್ಲಿದ್ದವನ ಕೈ ಕುಲುಕಿ ನಕ್ಕು ಒಳಗೆ ಹೋಗಿ ಬೆಂಕಿ ಹಚ್ಚಿದನಂತೆ. ಯಾರೂ ಸಾಯಲಿಲ್ಲ. ಪರದೆ ಆರಿಸಲು ಹೋದ ಬಾಗಿಲವನ ಎರಡೂ ಕೈ ಸುಟ್ಟವು. ಪತ್ರಿಕೆಯಲ್ಲಿ ಆ ಕೈಗಳ ಚಿತ್ರವಿತ್ತು. ಬಿಳಿ ಬಟ್ಟೆ ಸುತ್ತಿದ ಎರಡು ಮುದ್ದೆ. ಆ ಚಿತ್ರ ನೋಡಿದ ಮೇಲೆ ನಾನು ಯಾರ ಕೈ ಕುಲುಕಿದರೂ ಮೊದಲು ನನ್ನ ಕೈಯನ್ನು ಮನಸ್ಸಿನಲ್ಲೇ ಬೀಳ್ಕೊಡುತ್ತೇನೆ.

ಈ ಬೆಳಗ್ಗೆ ಎದುರುಗಡೆ, ಮುಚ್ಚಿದ ಬೈಂಡಿಂಗ್ ಅಂಗಡಿಯ ಮೆಟ್ಟಿಲ ಮೇಲೆ, ಒಬ್ಬ ನಿಂತಿದ್ದ. ಕಂದು ಬಣ್ಣದ ದಪ್ಪ ಬಟ್ಟೆಯ ಚೀಲ ಎದೆಗೆ ಅವಚಿಕೊಂಡಿದ್ದ. ಮುಖವನ್ನೆಲ್ಲ ಮುದುಡಿ, ಹುಬ್ಬು ಗಂಟಿಕ್ಕಿ, ನಮ್ಮ ಬಾಗಿಲನ್ನೇ ದುರುಗುಟ್ಟುತ್ತಿದ್ದ. ಅವನಿಗೆ ಓದಲು ಹಲಗೆ ಯಾಕೆ ಎಂದು ತಿರುಗಿಸಿದೆ.

ಜೂನ್ 3, ಸೋಮವಾರ

ಅಂಗಡಿ ತೆರೆದು, ಅಭ್ಯಾಸದಂತೆ, ಗೋಡೆಯ ಅಕ್ಷರಪಟವನ್ನು ಕೊನೆಯ ಸಾಲಿನ ತನಕ ಒಂದೂ ತಪ್ಪದೆ ಓದಿದೆ. ಮೂವತ್ತು ವರ್ಷದಿಂದ ಅದೇ ಪಟ, ಅದೇ ಕೊನೆಯ ಸಾಲು, ಅದೇ ನಾನು. ಕನ್ನಡಕ ಮಾರುವವನ ಮೂಗು ಖಾಲಿ ಇರುವುದೇ ಅಂಗಡಿಗೆ ಒಳ್ಳೆಯ ಜಾಹೀರಾತು. ಒಬ್ಬನ ಕಣ್ಣು ಒಮ್ಮೆ ನೋಡಿದರೆ ಸಾಕು, ಅವನ ಕುಲಗೋತ್ರವೆಲ್ಲ ಹೇಳಬಲ್ಲೆ. ಎದುರು ನಿಂತವನದು ದ್ವೇಷದ ಕಣ್ಣು. ಬರೆದಿಟ್ಟುಕೊಳ್ಳಲಿ ಯಾರಾದರೂ. ಬೇರೆ ಯಾರೂ ಇಲ್ಲದ್ದರಿಂದ ನಾನೇ ಬರೆದಿಟ್ಟಿದ್ದೇನೆ.

ಹೆಂಡತಿಗೆ ಹೇಳಿದೆ.

"ಅವನ್ಯಾರೋ ನಾನೂ ನೋಡ್ದೆ. ಕಣ್ಣು ಕಿರಿದು ಮಾಡ್ಕೊಂಡಿದ್ದ ಅಷ್ಟೆ. ನೀವೂ ಹಾಗೇ ನೋಡೋದು ರೀ, ಬಸ್ಸಿನ ಬೋರ್ಡು."

"ನಾನು ನೋಡೋದು ವಿಮರ್ಶಾತ್ಮಕವಾಗಿ."

"ಹೋದ ವಾರ ವಿಮರ್ಶಾತ್ಮಕವಾಗಿ ನೋಡಿ ಬೇರೆ ಬಸ್ಸು ಹತ್ತಿದ್ರಲ್ಲ."

ಕೆಲವು ವಿಷಯಗಳನ್ನು ಹೆಂಗಸರೊಂದಿಗೆ ಚರ್ಚಿಸಬಾರದು. ಸೋಲುತ್ತೇವೆ.

ಜೂನ್ 9, ಭಾನುವಾರ

ಬಂದ. ಅದೇ ಮೆಟ್ಟಿಲು, ಅದೇ ಚೀಲ. ನಾನು ಇವನಿಗೆ ಚೀಲದವನು ಎಂದು ನಾಮಕರಣ ಮಾಡಿದ್ದೇನೆ. ನಮ್ಮ ಸಭೆಯಲ್ಲಿ ಪಾಸ್ಟರ್ ಇಲ್ಲದೆ ನಡೆದ ಮೊದಲ ನಾಮಕರಣ.

ಎಂಟು ಐವತ್ತೈದಕ್ಕೆ ಮೆಟ್ಟಿಲಿಳಿದ. ರಸ್ತೆಗೆ ಕಾಲಿಟ್ಟ. ಒಂದು ಕೈ ಚೀಲದೊಳಗೆ ಹೋಯಿತು. ಅವನು ರಸ್ತೆಯ ನಡುವಿಗೆ ಬಂದ. ನಾನು ಒಳಗೆ ಸರಿದು, ಬಾಗಿಲ ಎರಡೂ ರೆಕ್ಕೆ ಮುಚ್ಚಿ ಅಗುಳಿ ಹಾಕಿ, ಬೆನ್ನು ಕೊಟ್ಟು ನಿಂತೆ.

ಐದು ನಿಮಿಷದ ನಂತರ ಬಾಗಿಲು ಬಡಿದ ಸದ್ದಾಯಿತು. ನಾನು ಕಣ್ಣು ಮುಚ್ಚಿದೆ. ಮತ್ತೆ ಬಡಿದರು. ಆಮೇಲೆ ಹೊರಗಿಂದ, "ರೀ ಸ್ವಾಗತದವರೇ! ಬಾಗಿಲು ತೆಗೀರೀ! ನಾನಿಲ್ದೆ ಒಳಗೆ ನುಡಿಸೋರು ಯಾರು?" ಎಂದು ಆರ್ಗನ್ ನುಡಿಸುವಾಕೆಯ ದನಿ ಕೇಳಿತು. ಅವಳ ಹಿಂದೆ ತಡವಾಗಿ ಬಂದ ಎರಡು ಸಂಸಾರ. ಚೀಲದವನು ಮತ್ತೆ ಮೆಟ್ಟಿಲ ಮೇಲಿದ್ದ.

ಪಾಸ್ಟರ್ ತಮ್ಮ ಪ್ರಸಂಗ, ಅಂದರೆ ಉಪದೇಶ, ಮುಗಿಸಿ ನನ್ನನ್ನು ಪಕ್ಕಕ್ಕೆ ಕರೆದರು. "ಪ್ರಸಂಗ ಶುರುವಾಗೋದು ನನ್ನ ಬಾಯಲ್ಲಿ ಅಲ್ಲ, ಬಾಗಿಲಲ್ಲಿ. ನೀವೇ ಮೊದಲ್ನೇ ವಾಕ್ಯ. ಅದನ್ನ ಕೇಳಿದ ಮೇಲೇನೇ ನನ್ನದು ಕೇಳಬೇಕೋ ಬೇಡ್ವೋ ಅಂತ ಜನ ಯೋಚ್ನೆ ಮಾಡೋದು."

ಬೀಗರಿಗೆ ಮಾತ್ರ ಖುಷಿಯೋ ಖುಷಿ. "ಸರಿಯಾದ ಕೆಲಸ ಮಾಡಿದ್ರಿ ಬೀಗ್ರೇ! ಒಂಬತ್ತು ಹೊಡೀತಿದ್ದ ಹಾಗೆ ಬಾಗಿಲಿಗೆ ಬೀಗ. ಇನ್ಮೇಲೆ ಹಾಗೇ." ಬೀಗರಿಗೆ ಬೀಗವೆಂದರೆ ಪ್ರಾಣ. ಮನೆಯ ಉಪ್ಪಿನ ಡಬ್ಬಕ್ಕೂ ಹಾಕಿಸಿದ್ದಾರೆ ಎಂದು ಮಗಳು ಹೇಳಿದ್ದಳು. ನಾನು ಬೀಗಿದೆ. ನಡುಗುತ್ತ ಬೀಗುವುದು ಸುಲಭವಲ್ಲ.

ಜೂನ್ 12, ಬುಧವಾರ

ಆಸ್ಪತ್ರೆಗೆ ಹೋಗಿ ಬಾಗಿಲಜ್ಜನನ್ನು ನೋಡಿ ಬಂದೆ. ಎಂಟನೆಯ ಮಂಚ, ಕಿಟಕಿಯ ಪಕ್ಕ. ಹಗ್ಗ ಕಟ್ಟಿ ಕಾಲು ಎಳೆದಿದ್ದಾರೆ. ಮುಖ ಸಣ್ಣದಾಗಿದೆ. ನನ್ನ ಕೈ ಸಿಕ್ಕಿದ್ದೇ ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಚೀಲ ಬಂತಾ ಮಗಾ?"

ಇವರಿಗೆ ಯಾರು ಹೇಳಿದರು?

"ಯಾವ ಚೀಲ ಅಜ್ಜಾ?"

"ಅವನು ಕೈ ಬಿಡ್ಲಿಲ್ಲ ಕಣೋ. ಕುಲುಮೆ ಹಾಗೆ ಬಿಸಿ ಕೈ. ಬಿಡ್ಲೇ ಇಲ್ಲ." ಕಣ್ಣು ತೇಲಿಸಿದರು. "ಭಾನುವಾರ ಅಂದಿದ್ದೆ. ಬಾಗಿಲಲ್ಲೇ ಇರ್ತೀನಿ ಅಂದಿದ್ದೆ."

ದಾದಿ ನನಗೆ ಸನ್ನೆ ಮಾಡಿದಳು: ತಲೆಗೆ ಪೆಟ್ಟು, ಹೀಗೇ ಏನೇನೋ ಮಾತಾಡ್ತಾರೆ. ಪಾಪ. ಬಿಸಿ ಕೈ, ಚೀಲ, ಭಾನುವಾರ. ಆ ಬೆಂಕಿಯ ಸುದ್ದಿ ಇವರ ಕಿವಿಗೂ ಬಿದ್ದಿರಬೇಕು. ಅದೇ ಭಯ, ನನ್ನದೇ ಭಯ, ಈ ಮಂಚದ ಮೇಲೂ ಮಲಗಿದೆ. "ಚಿಂತೆ ಮಾಡ್ಬೇಡಿ ಅಜ್ಜಾ, ಚೀಲ ಒಳಗೆ ಬರೋಕೆ ನಾನು ಬಿಡಲ್ಲ," ಎಂದು ಧೈರ್ಯ ಹೇಳಿದೆ.

ಅವರು ಅಳಲು ಶುರು ಮಾಡಿದರು. ಕೃತಜ್ಞತೆಯಿಂದ ಇರಬೇಕು.

ಜೂನ್ 16, ಭಾನುವಾರ

ಇವತ್ತು ಚೀಲದವನು ರಸ್ತೆಗೆ ಇಳಿಯಲಿಲ್ಲ. ಮೆಟ್ಟಿಲ ಮೇಲೆ ಪತ್ರಿಕೆ ಹಾಸಿ ಕೂತ. ಜೇಬಿನಿಂದ ಏನನ್ನೋ ತೆಗೆದು ಹರಿದು ಬೀದಿನಾಯಿಗೆ ಹಾಕಿದ. ವಿಷಪ್ರಯೋಗ! ಮೊದಲು ನಾಯಿ, ಆಮೇಲೆ ನಾವು. ನಾನು ಪ್ರಸಂಗ ಮುಗಿಯುವ ತನಕ ಬಾಗಿಲ ಸಂದಿಯಿಂದ ನಾಯಿಯನ್ನು ಕಾದೆ. ಅದು ಸಾಯಲಿಲ್ಲ. ನಿಧಾನ ವಿಷ.

"ಬ್ರೆಡ್ಡು ರೀ ಅದು," ಎಂದಳು ಹೆಂಡತಿ. "ಅರ್ಧ ನಾಯಿಗೆ, ಅರ್ಧ ತನಗೆ. ಹೋಗಿ ಏನಪ್ಪಾ ಅಂತ ಕೇಳ್ಬಾರ್ದಾ?"

"ನೀನೇ ಹೋಗು."

"ನನ್ನದು ಹಾಡು. ಬಾಗಿಲು ನಿಮ್ಮದು."

ಮಧ್ಯಾಹ್ನ ಬೀಗರ ಮನೆಯಲ್ಲಿ ಹಿರಿಯರ ಸಭೆ. ಪಾಸ್ಟರ್ ಆರಾಧನೆ ಮುಗಿಸಿ ಬೇರೆ ಊರಿಗೆ ಹೋಗುವ ದಿನವನ್ನೇ ನೋಡಿ ಕರೆದಿದ್ದರು. ಬೀಗರು ಮೇಜು ಕುಟ್ಟಿ ಹೇಳಿದರು: "ಕಾಯ್ತಾ ಕೂತ್ರೆ ಕೈ ಸುಟ್ಕೋತೀವಿ. ಪೊಲೀಸಿಗೆ ದೂರು ಕೊಡೋಣ. ಎಳ್ಕೊಂಡು ಹೋಗಿ ಎರಡು ಬಿಟ್ರೆ ಬಾಯಿ ಬಿಡ್ತಾನೆ. ಬೀಗ್ರು ಕಣ್ಣಾರೆ ನೋಡಿರೋರು, ಅವರೇ ಸಹಿ ಹಾಕ್ತಾರೆ."

ಎಲ್ಲರೂ ನನ್ನ ಕಣ್ಣುಗಳ ಕಡೆ ನೋಡಿದರು. ಮಗಳು ಚಹಾ ತಂದವಳು ತಟ್ಟೆ ಹಿಡಿದು ಅಲ್ಲೇ ನಿಂತಿದ್ದಳು. "ಯೋಚನೆ ಮಾಡ್ತೀನಿ," ಎಂದೆ. 'ಎರಡು ಬಿಟ್ರೆ' ಎಂಬ ಮಾತು ದಾರಿಯುದ್ದಕ್ಕೂ ಜೊತೆಗೆ ಬಂತು.

ಜೂನ್ 18, ಮಂಗಳವಾರ

ಅಂಗಡಿಯ ಬಾಗಿಲ ಗಂಟೆ ಸದ್ದಾದಾಗಲೆಲ್ಲ ಬೆಚ್ಚುತ್ತೇನೆ. ಇವತ್ತು ಬೆಚ್ಚಿ ಒಬ್ಬ ಗಿರಾಕಿಯ ಹೊಸ ಗಾಜು ನೆಲಕ್ಕೆ ಹಾಕಿದೆ. ಗಾಜು ಒಡೆದ ಸದ್ದಿಗೆ ಗಿರಾಕಿ ಬೆಚ್ಚಿದ. ಅವನು ಬೆಚ್ಚಿದ್ದಕ್ಕೆ ನಾನು ಮತ್ತೆ ಬೆಚ್ಚಿದೆ. ಭಯ ಆಕಳಿಕೆಯ ಹಾಗೆ, ಒಬ್ಬರಿಂದ ಒಬ್ಬರಿಗೆ.

ಜೂನ್ 23, ಭಾನುವಾರ

ಬರಲಿಲ್ಲ.

ಎಂಟೂವರೆಗೇ ಹೋಗಿದ್ದೆ. ಎಂಟೂ ಮುಕ್ಕಾಲು, ಎಂಟು ಐವತ್ತು, ಒಂಬತ್ತು. ಮೆಟ್ಟಿಲು ಖಾಲಿ. ನಾಯಿ ಮಾತ್ರ ಬಂದು ಕೂತು, ರಸ್ತೆಯ ಆ ತುದಿ ಈ ತುದಿ ನೋಡಿತು. ನಾನೂ ನೋಡಿದೆ. ಬೀಗ ಹಾಕುವುದನ್ನೂ ಮರೆತು ಒಂಬತ್ತೂವರೆ ತನಕ ಹೊರಗೇ ನಿಂತಿದ್ದೆ. ಇದು ಇನ್ನೂ ಹೆದರಿಕೆಯ ವಿಷಯ. ಕಣ್ಣಿಗೆ ಕಾಣುವ ಶತ್ರು ವಾಸಿ. ಎಲ್ಲಿ ಹೋದ? ಏನು ಸಂಚು? ಜ್ವರವೋ? ಜ್ವರ ಬಂದರೆ ಅವನಿಗೆ ನೋಡಿಕೊಳ್ಳುವವರು ಯಾರಾದರೂ ಇದ್ದಾರೋ? ಇದನ್ನೆಲ್ಲ ತಿಳಿದಿಟ್ಟುಕೊಳ್ಳುವುದು ಭದ್ರತೆಯ ದೃಷ್ಟಿಯಿಂದ ಅಗತ್ಯ.

ಮನೆಯಿಂದ ತಂದಿದ್ದ ಎರಡು ತುಂಡು ಬ್ರೆಡ್ಡನ್ನು ನಾಯಿಗೆ ಹಾಕಿದೆ. ಯಾಕೆ ತಂದಿದ್ದೆನೋ ನೆನಪಿಲ್ಲ.

ಹಲಗೆ ಸರಿಯಾಗಿ ರಸ್ತೆಯ ಕಡೆಗೇ ಮುಖ ಮಾಡಿತ್ತು. ತಿರುಗಿಸಲು ಮರೆತಿದ್ದೆ.

ಜೂನ್ 27, ಗುರುವಾರ

ಸಹಿ ಹಾಕಿದೆ.

ಬೀಗರು ಅಂಗಡಿಗೇ ಬಂದಿದ್ದರು. ದೂರನ್ನು ಟೈಪು ಮಾಡಿಸಿ ತಂದಿದ್ದರು: 'ಕ್ರೂರ ದೃಷ್ಟಿ, ಅನುಮಾನಾಸ್ಪದ ಚೀಲ, ದುಷ್ಟ ಉದ್ದೇಶ.' ಮೂರೂ ನನ್ನದೇ ಪದಗಳು. ಟೈಪಾದಾಗ ಬೇರೆಯವರದ್ದೆನಿಸಿದವು.

"ಪೊಲೀಸ್‌ನೋರ ಹತ್ರ ಮಾತಾಡಿದೀನಿ ಬೀಗ್ರೇ. ಭಾನುವಾರ ಒಂಬತ್ತೂಕಾಲಿಗೆ ನಾನೇ ಕರ್ಕೊಂಡು ಬರ್ತೀನಿ. ನೀವು ಬೆರಳು ತೋರಿಸಿದ್ರೆ ಸಾಕು."

"ಅವನು ಹೋದ ವಾರ ಬರಲೇ ಇಲ್ವಲ್ಲ. ಇನ್ನು ಬರದೇನೂ ಇರಬಹುದು."

"ಬಂದ್ರೆ? ನಮ್ಮ ಸೊಸೆ, ಅಂದ್ರೆ ನಿಮ್ಮ ಮಗಳು, ಮೂರನೇ ಸಾಲಲ್ಲಿ ಕೂತಿರ್ತಾಳೆ. ಅದನ್ನ ನೆನೆಸ್ಕೊಂಡು ಸಹಿ ಹಾಕಿ."

ನೆನೆಸಿಕೊಂಡೆ. ಹಾಕಿದೆ. ಸಹಿ ಸೊಟ್ಟಗಾಯಿತು. ಅದನ್ನು ನೋಡಿ ಬೀಗರು, "ಡಾಕ್ಟರ್ ಸಹಿ ಹಾಗಿದೆ," ಎಂದು ನಕ್ಕರು. ಅವರು ಹೋದ ಮೇಲೆ ಪೆನ್ನನ್ನು ತೊಳೆದೆ. ಪೆನ್ನನ್ನು ಯಾರಾದರೂ ತೊಳೆಯುತ್ತಾರೆಯೇ?

ಜೂನ್ 29, ಶನಿವಾರ

ದೇವರೇ, ನಾಳೆ ಅವನು ಬರದಿರಲಿ.

ಇದು ಭಯದ ಪ್ರಾರ್ಥನೆಯೇ. ಆದರೆ ಯಾರ ಪರವಾಗಿ ಮಾಡಿದೆ ಎಂಬುದು ಸ್ಪಷ್ಟವಾಗುತ್ತಿಲ್ಲ.

ಜೂನ್ 30, ಭಾನುವಾರ

ಇತಿಹಾಸ! ಈ ಪುಟವನ್ನು ಮೊಮ್ಮಕ್ಕಳು ಓದಲಿ.

ಎಂಟು ಐವತ್ತಕ್ಕೆ ಚೀಲದವನು ಮೆಟ್ಟಿಲ ಮೇಲೆ ಕಾಣಿಸಿಕೊಂಡ. ಒಂಬತ್ತೂಕಾಲಿಗೆ ಪೊಲೀಸು. ನಡುವೆ ಇಪ್ಪತ್ತೈದು ನಿಮಿಷ. ಬೇರೆ ಯಾರಾಗಿದ್ದರೂ ಅಗುಳಿ ಹುಡುಕುತ್ತಿದ್ದರು. ನಾನು ಕೋಟಿನ ಗುಂಡಿ ಹಾಕಿ, ಎದೆ ಸೆಟೆಸಿ, ರಸ್ತೆ ದಾಟಿದೆ. ಎಡಕ್ಕೆ ನೋಡಲಿಲ್ಲ, ಬಲಕ್ಕೆ ನೋಡಲಿಲ್ಲ. ಅವನ ಮುಂದೆ ನಿಂತು, "ಸಹೋದರಾ, ನಿನಗಾಗಿ ಒಳಗೆ ಜಾಗವಿದೆ," ಎಂದು ಗಂಭೀರ ದನಿಯಲ್ಲಿ ನುಡಿದು, ಅವನ ಕೈಯನ್ನು ನನ್ನ ಎರಡೂ ಕೈಯಲ್ಲಿ ಹಿಡಿದೆ. ಬೆಂಚು ಮುಟ್ಟುವ ತನಕ ಬಿಡಲಿಲ್ಲ.

ಕೊನೆಯ ಬೆಂಚಿನಲ್ಲಿ ಕೂತು ಚೀಲ ತೆರೆದ. ಒಳಗಿದ್ದದ್ದು: ಒಂದು ಹಳೆಯ ಗೀತೆಪುಸ್ತಕ, ಬಾಗಿಲಜ್ಜ ತೋಳಿಗೆ ಕಟ್ಟಿಕೊಳ್ಳುವ ಬಿಳಿ ಪಟ್ಟಿ, ಪೆಪ್ಪರ್‌ಮಿಂಟಿನ ಡಬ್ಬಿ.

ಅವನು ಗಾಜಿನ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ಗಾಜು ಊದುವವನು. ಆ ದಿನ ಕಾರ್ಖಾನೆಯ ಗೇಟಿನ ಹತ್ತಿರ ಬಿದ್ದ ಬಾಗಿಲಜ್ಜನನ್ನು ಎತ್ತಿ, ಗಾಡಿ ಹಿಡಿದು, ಆಸ್ಪತ್ರೆಯ ತನಕ ಕೈ ಹಿಡಿದುಕೊಂಡೇ ಹೋದವನು ಇವನೇ. ಅಜ್ಜ ದಾರಿಯಲ್ಲಿ, "ಭಾನುವಾರ ಚರ್ಚಿಗೆ ಬಾಪ್ಪ, ನಾನು ಬಾಗಿಲಲ್ಲೇ ಇರ್ತೀನಿ," ಎಂದರಂತೆ. ಅಜ್ಜನ ಚೀಲ ಇವನ ಹೆಗಲಲ್ಲೇ ಉಳಿಯಿತು.

"ಮಾರನೇ ದಿನ ಕೊಡೋಕೆ ಹೋದೆ ಸಾರ್. ರೋಗಿಗೆ ನೀನೇನಾಗ್ಬೇಕು ಅಂತ ಕೇಳಿದ್ರು. ಏನು ಹೇಳ್ಲಿ? ಅಜ್ಜನ ಹೆಸರೂ ಗೊತ್ತಿಲ್ಲ. ಅವರು ಬಾಗಿಲಲ್ಲಿ ಇರ್ತಾರಲ್ಲ ಅಂತ ಪ್ರತಿ ವಾರ ಬಂದೆ. ಹೋದ ಭಾನುವಾರ ಮಾತ್ರ ಪಾಳಿ ಇತ್ತು."

ಒಂಬತ್ತೂಕಾಲಿಗೆ ಬೀಗರು ಪೊಲೀಸಿನವರೊಬ್ಬರನ್ನು ಕರೆದುಕೊಂಡು ಬಂದರು. ಕೊನೆಯ ಬೆಂಚಿನಲ್ಲಿ ಕೂತಿದ್ದ ಚೀಲದವನು ಎದ್ದು, ಪೊಲೀಸಿನವರಿಗೆ ತನ್ನ ಜಾಗ ಬಿಟ್ಟುಕೊಟ್ಟು, ಡಬ್ಬಿ ಮುಂದೆ ಹಿಡಿದ. ಅವರು ಟೋಪಿ ತೆಗೆದು ಕೂತು, ಪೆಪ್ಪರ್‌ಮಿಂಟು ಬಾಯಿಗೆ ಹಾಕಿಕೊಂಡು, "ಎಲ್ಲಿ ಆ ಕ್ರೂರ ದೃಷ್ಟಿಯವನು?" ಎಂದು ಅವನನ್ನೇ ಕೇಳಿದರು. ಅವನೂ ಆಸಕ್ತಿಯಿಂದ ಸುತ್ತ ನೋಡಿದ. ಬೀಗರು ನನ್ನ ಕಡೆ ನೋಡಿದರು. ನಾನು ಗೀತೆಪುಸ್ತಕದ ಕಡೆ ನೋಡಿದೆ. ಪಾಸ್ಟರ್ ಇಳಿದು ಬಂದು ಟೈಪಾದ ಹಾಳೆಯನ್ನು ಬೀಗರ ಕೈಯಿಂದ ತೆಗೆದುಕೊಂಡು, ನಾಲ್ಕಾಗಿ ಮಡಿಸಿ, ಕುಂಟುತ್ತಿದ್ದ ಬೆಂಚಿನ ಕಾಲ ಕೆಳಗಿಟ್ಟರು. ಬೆಂಚು ನೆಟ್ಟಗಾಯಿತು.

"ಇವರನ್ನ ಒಳಗೆ ಕರ್ಕೊಂಡು ಬಂದವರು ಯಾರು?" ಎಂದು ಪಾಸ್ಟರ್ ಕೇಳಿದಾಗ ಚೀಲದವನು ನನ್ನನ್ನೇ ತೋರಿಸಿ, "ಇವರೇ ಸಾರ್," ಎಂದ. ಇಡೀ ಸಭೆ ನನ್ನ ಕಡೆ ತಿರುಗಿತು. ಹೊಸಬರ ಪುಸ್ತಕದ ಬಲಗಡೆ ನನ್ನ ಹೆಸರನ್ನು ದಪ್ಪಗೆ ಬರೆದೆ.

ಜುಲೈ 2, ಮಂಗಳವಾರ

ಚೀಲದವನನ್ನು ಕರೆದುಕೊಂಡು ಆಸ್ಪತ್ರೆಗೆ ಹೋದೆ. ದ್ವಾರದಲ್ಲಿ, "ಎಂಟನೇ ಮಂಚದವರಿಗೆ ಏನಾಗ್ಬೇಕು?" ಎಂದು ಅವನನ್ನು ತಡೆದರು. ನಾನು, "ಮೊಮ್ಮಗ," ಎಂದೆ. ಸುಳ್ಳು ಇಷ್ಟು ಸಲೀಸಾಗಿ ಬಂತಲ್ಲ ಎಂದು ಆಶ್ಚರ್ಯವಾಯಿತು. ಅಜ್ಜ ಅವನ ಕೈ ಮುಟ್ಟಿದ್ದೇ, ಕಣ್ಣು ತೆರೆಯುವ ಮೊದಲೇ, "ಬಂದ್ಯಾ ಮಗಾ," ಎಂದರು. ಹನ್ನೆರಡನೇ ತಾರೀಕು ಅವರು ಅತ್ತದ್ದು ಯಾಕೆಂದು ಈಗ ತಿಳಿಯಿತು. ಅದರ ಬಗ್ಗೆ ಇಲ್ಲಿ ಬರೆಯುವುದಿಲ್ಲ.

ಸಂಜೆ ಅವನನ್ನು ಅಂಗಡಿಗೆ ಕರೆತಂದು ಕಣ್ಣು ಪರೀಕ್ಷಿಸಿದೆ. ಎರಡೂ ಕಣ್ಣಿಗೆ ಪೊರೆ. ವರ್ಷಗಟ್ಟಲೆ ಕುಲುಮೆಯ ಬೆಂಕಿ ನೋಡಿದವರಿಗೆ ಬರುವ ಪೊರೆ. ನನ್ನ ಓದಿನ ಮೊದಲ ವರ್ಷದ ಪಾಠ. ಹತ್ತು ಹೆಜ್ಜೆಯಾಚೆ ಅವನಿಗೆ ಎಲ್ಲವೂ ಹೊಗೆ. ನಮ್ಮ ಬಾಗಿಲಲ್ಲಿ ನಿಂತವರು ಅಜ್ಜನೋ ಅಲ್ಲವೋ ಎಂದು ತಿಳಿಯಲು ಮುಖವೆಲ್ಲ ಮುದುಡಿ ನೋಡುತ್ತಿದ್ದ. ಅದು ನನಗೆ ದ್ವೇಷವಾಗಿ ಕಂಡಿತ್ತು.

"ಒಂದು ಮಾತು ಕೇಳ್ಲಾ ಸಾರ್? ಆವತ್ತು ನಡುರಸ್ತೆಗೆ ಬಂದಾಗ ಪಟ್ಟಿ ತೋರಿಸೋಣ ಅಂತ ಚೀಲಕ್ಕೆ ಕೈ ಹಾಕಿದ್ದೆ. ಅಷ್ಟು ಹತ್ತಿರಕ್ಕೆ ನಿಮ್ಮ ಮುಖ ಕಂಡಿತು, ನೀವು ಬಾಗಿಲು ಹಾಕಿದ್ರಿ. ನೀವು ಯಾಕೆ ನನ್ನ ಮೇಲೆ ಅಷ್ಟೊಂದು ಸಿಟ್ಟಾಗಿ ನೋಡ್ತಿದ್ರಿ? ಹುಬ್ಬು ಗಂಟು ಹಾಕ್ಕೊಂಡು?"

"ನಾನಾ?"

ಹೆಂಡತಿ ಮೂಲೆಯಲ್ಲಿ ಕೂತಿದ್ದಳು. ಎದ್ದುಹೋಗಿ, ಕಂಪನಿಯವರು ಕಳಿಸಿ ಮೂರು ವರ್ಷದಿಂದ ಸುರುಳಿಯಲ್ಲೇ ಇದ್ದ ಹೊಸ ಅಕ್ಷರಪಟವನ್ನು ಹಳೆಯದರ ಮೇಲೆ ನೇತುಹಾಕಿದಳು. "ಈಗ ಓದಿ ರೀ, ಕೊನೇ ಸಾಲು."

ಹಳೆಯ ಪಟದ ಕೊನೆಯ ಸಾಲನ್ನು ಒಂದೂ ತಪ್ಪದೆ ಹೇಳಿದೆ. ಹೊಸದರಲ್ಲಿ ಅದು ಇರಲಿಲ್ಲ. ಮೂರನೆಯ ಸಾಲಿನಿಂದ ಕೆಳಗೆ ನನಗೆ ಕಂಡದ್ದು ಇರುವೆಗಳ ಮೆರವಣಿಗೆ.

ರಸ್ತೆಯ ಎರಡು ಕಡೆ ಇಬ್ಬರು ಕುರುಡರು ನಾಲ್ಕು ವಾರ ಒಬ್ಬರಿಗೊಬ್ಬರು ಹೆದರಿ ನಿಂತಿದ್ದೆವು. ಚೀಲದವನು ನಕ್ಕ ಸದ್ದಿಗೆ ಕಪಾಟಿನ ಕನ್ನಡಕಗಳೆಲ್ಲ ಅಲುಗಿದವು.

ಅವನ ಶಸ್ತ್ರಚಿಕಿತ್ಸೆ ಮುಂದಿನ ವಾರದ ಗುರುವಾರ. ಹೆದರುತ್ತಿದ್ದಾನೆ. ನಾನು ಜೊತೆಗೆ ಹೋಗುತ್ತೇನೆ ಎಂದಿದ್ದೇನೆ. ಅಂಗಡಿಗೆ ರಜೆ.

ಜುಲೈ 6, ಶನಿವಾರ

ಈಗ ಮೂಗಿನ ಮೇಲೆ ಕನ್ನಡಕವಿದೆ. ಬರೆದದ್ದನ್ನೆಲ್ಲ ಓದಲು ಬರುತ್ತಿದೆ. ಅದೇ ತೊಂದರೆ.

ನಾಳೆ ತಿಂಗಳ ಮೊದಲ ಭಾನುವಾರ. ಹೊಸಬರ ಪುಸ್ತಕವನ್ನು ಸಭೆಯ ಮುಂದೆ ಬೀಗರು ಓದುತ್ತಾರೆ. ಬಾಗಿಲ ಕೆಲಸವನ್ನು ನನಗೇ ಕಾಯಂ ಮಾಡುತ್ತಾರಂತೆ. ಪಾಸ್ಟರ್ ನಾಳೆಯ ಪ್ರಸಂಗವನ್ನು, 'ರಸ್ತೆ ದಾಟಿದ ಪ್ರೀತಿ' ಎಂಬ ವಿಷಯದ ಮೇಲೆ ಇಟ್ಟುಕೊಂಡಿದ್ದಾರಂತೆ. ಆದ್ದರಿಂದ ಇವತ್ತು ಸಂಜೆ ಬಾಗಿಲು ಗುಡಿಸುವ ನೆಪ ಮಾಡಿ ಚರ್ಚಿಗೆ ಹೋಗಿ ಆ ಪುಸ್ತಕ ತೆರೆದೆ.

ಜೂನ್ 30ರ ಪುಟವನ್ನು ಮೊಮ್ಮಕ್ಕಳು ಓದುವುದು ಬೇಡ. ರಸ್ತೆ ದಾಟಿದ ಪ್ರೀತಿ ದಾಟಿದ್ದು ಆ ಕಡೆಯಿಂದ ಈ ಕಡೆಗೆ.

ಅವತ್ತು ನಾನು ಹಲಗೆಯನ್ನು ಮತ್ತೆ ಗೋಡೆಗೆ ತಿರುಗಿಸಿಟ್ಟಿದ್ದೆ, ಅವನು ಹತ್ತಿರ ಬಾರದಿರಲಿ, ಪೊಲೀಸರ ಕೈಗೆ ಸಿಗದಿರಲಿ ಎಂದು. ಅವನು ಮೆಟ್ಟಿಲ ಮೇಲೆ ಕಂಡಾಗ, 'ಹೋಗಪ್ಪಾ, ಓಡಿಹೋಗು,' ಎಂದು ಕೂಗಲು ಬಾಯಿ ತೆರೆದೆ. ದನಿ ಬರಲಿಲ್ಲ. ಕೈ ಬೀಸಿದೆ. ಅವನು ಅದನ್ನು 'ಬಾ' ಎಂದುಕೊಂಡು ರಸ್ತೆಗಿಳಿದ. ನಾನು ಹಲಗೆಯ ಹಿಂದೆ ಕುಸಿದು ಕುಕ್ಕರಗಾಲಲ್ಲಿ ಕೂತೆ, ಎರಡೂ ಕೈಯನ್ನು ಕಂಕುಳಲ್ಲಿ ಬಚ್ಚಿಟ್ಟುಕೊಂಡು, ಸುಡದಿರಲಿ ಎಂದು.

ನೆರಳೊಂದು ಬಂದು ಮೇಲೆ ನಿಂತಿತು. ಅವನು ಮೊದಲು ಹಲಗೆಯನ್ನು ಎತ್ತಿ ತಿರುಗಿಸಿ, ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು, ಒಂದೊಂದೇ ಪದವಾಗಿ ಗಟ್ಟಿಯಾಗಿ ಓದಿದ: "ಯಾರೇ... ಆಗಿರಲಿ... ಒಳಗೆ ಬನ್ನಿ." ಆಮೇಲೆ ನನ್ನ ಕಡೆ ಬಗ್ಗಿದ. "ಹುಷಾರಿಲ್ವಾ ಸಾರ್? ಹೆದರ್ಬೇಡಿ, ನಾನಿದೀನಿ. ಬನ್ನಿ." ಕಂಕುಳಿಂದ ನನ್ನ ಕೈಯನ್ನು ಬಿಡಿಸಿ ತನ್ನ ಎರಡೂ ಕೈಯಲ್ಲಿ ಹಿಡಿದ. ಬಿಸಿಯಾಗಿದ್ದವು. ಸುಡಲಿಲ್ಲ. ಹದಿನೈದು ಹೆಜ್ಜೆ. ಎರಡು ಸಲ ನಾನು ವಾಪಸ್ ಹೋಗಲು ನೋಡಿದೆ. ಬೆಂಚು ಮುಟ್ಟುವ ತನಕ ಅವನು ಬಿಡಲಿಲ್ಲ. ಕೂತ ಮೇಲೆ ಡಬ್ಬಿ ತೆಗೆದು ಮೊದಲ ಪೆಪ್ಪರ್‌ಮಿಂಟನ್ನು ನನ್ನ ಬಾಯಿಗೆ ತಾನೇ ಹಾಕಿದ. ಪಾಸ್ಟರ್ ಕೇಳಿದಾಗ, "ಇವರೇ ಸಾರ್," ಎಂದು ಸುಳ್ಳು ಹೇಳಿ ನನ್ನ ಮಾನ ಉಳಿಸಿದವನೂ ಅವನೇ.

ಸಂಜೆ ಪುಸ್ತಕದಲ್ಲಿ ನಾನು ಹೆಸರುಗಳನ್ನು ಹೊಡೆದು ಹಾಕಲಿಲ್ಲ. ಎರಡಕ್ಕೂ ಒಂದೊಂದು ಬಾಣದ ಗುರುತು ಹಾಕಿದೆ, ಅತ್ತಲಿನದು ಇತ್ತ, ಇತ್ತಲಿನದು ಅತ್ತ. ಶಾಯಿಯಲ್ಲಿ. ನಾಳೆ ಬೆಳಗ್ಗೆ ಬೀಗರು ಕನ್ನಡಕ ಏರಿಸಿಕೊಂಡು, ನನ್ನ ಹೆಂಡತಿ ಹಾಡುವವರ ಸಾಲಿನಿಂದ ಕೇಳುತ್ತಿರುವಾಗ, ಮಗಳು ಮೂರನೆಯ ಸಾಲಿನಲ್ಲಿ ಕೂತಿರುವಾಗ, ಅದನ್ನು ಗಟ್ಟಿಯಾಗಿ ಓದಲಿದ್ದಾರೆ.

ಕೈ ಹಿಡಿದು ಕರೆತಂದವರು: ಗಾಜು ಊದುವವನು.

ಹೊಸಬರು: ನಾನು.